ಬಕೆಟ್ಟಿನ ಲೆಕ್ಕ

“ಒಂದ್ ಬಾಟ್ಲಿ ಹಚ್ಚಿಬಿಡ್ರಿ ಸಿಸ್ಟರ್, ಹುಡುಗ ಭಾಳ ನಿತ್ರಾಣ ಆಗ್ಯಾನ.”

ಕೊಪ್ಪಳ ಸೀಮೆಯ ತಾಲೂಕು ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿ ದುಡಿದ ಅಷ್ಟೂ ವರ್ಷ ಕೇಳಿದ್ದು ಇದೇ ಬೇಡಿಕೆ. ಮಗು ಕಣ್ಣು ಬಿಟ್ಟು ತಾಯಿಯ ಸೆರಗು ಜಗ್ಗುತ್ತಿದ್ದರೂ, ಕೊಟ್ಟ ನೀರನ್ನು ಗಟಗಟ ಕುಡಿಯುತ್ತಿದ್ದರೂ, ಸ್ಟ್ಯಾಂಡಿಗೆ ಬಾಟಲಿ ತೂಗುಹಾಕುವ ತನಕ ಜೊತೆಗೆ ಬಂದ ಅಜ್ಜಿಗೆ ಸಮಾಧಾನವಿಲ್ಲ. ನಾನು ಕೆಲಸಕ್ಕೆ ಸೇರಿದ ಎಂಬತ್ತರ ದಶಕದಲ್ಲಿ ಬಾಟಲಿ ಗಾಜಿನದು. ರಬ್ಬರ್ ಬಿರಡೆಗೆ ಎರಡು ಸೂಜಿ ಚುಚ್ಚಬೇಕು, ಒಂದು ನಳಿಗೆಗೆ, ಇನ್ನೊಂದು ಗಾಳಿಗೆ. ಗಾಳಿಯ ಸೂಜಿ ಕಟ್ಟಿಕೊಂಡರೆ ಹನಿ ನಿಂತೇಹೋಗುತ್ತಿತ್ತು. ಖಾಲಿ ಬಾಟಲಿಗೂ ಗಿರಾಕಿಗಳಿದ್ದರು. ಚಿಮಣಿ ಎಣ್ಣೆ ತುಂಬಿಡಲು ಅಷ್ಟು ಗಟ್ಟಿ ಬಾಟಲಿ ಸಂತೆಯಲ್ಲೂ ಸಿಗುತ್ತಿರಲಿಲ್ಲ.

ಸಲೈನನ್ನು ನಾನು ಹಳಿಯುತ್ತಿಲ್ಲ. ಕಣ್ಣು ಗುಳಿಬಿದ್ದು, ನಾಡಿ ಕೈಗೆ ಸಿಗದೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುವ ಮಗುವಿಗೆ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ಬಾಟಲಿಯೇ ಜೀವ. ಆದರೆ ವಾಂತಿಭೇದಿಯ ಬಹುಪಾಲು ಮಕ್ಕಳು ಅಲ್ಲಿಯವರೆಗೆ ಹೋಗಿರುವುದಿಲ್ಲ. ಅವರಿಗೆ ಬೇಕಾದದ್ದು ಒಂದು ಲೋಟ, ಒಂದು ಚಮಚ, ಪಕ್ಕದಲ್ಲಿ ಬೇಸರಿಸದೆ ಕೂರುವ ಒಬ್ಬರು. ಇಷ್ಟು ಸಣ್ಣ ಸಂಗತಿ ಖಚಿತವಾಗಲು ವೈದ್ಯಶಾಸ್ತ್ರಕ್ಕೆ ನೂರಮೂವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಆ ಚರಿತ್ರೆಯನ್ನು ಬರೆದವರೆಲ್ಲ ಡಾಕ್ಟರುಗಳು. ಅವರು ಬರೆದದ್ದನ್ನೇ ವಾರ್ಡಿನ ಕಡೆಯಿಂದ ಓದಿದರೆ ಕಥೆ ಬೇರೆ ಥರ ಕಾಣುತ್ತದೆ.

1831ರಲ್ಲಿ ಕಾಲರಾ ಇಂಗ್ಲೆಂಡಿಗೆ ಕಾಲಿಟ್ಟಿತು. ಅಲ್ಲಿ ಆಗ ನಡೆಯುತ್ತಿದ್ದ ಚಿಕಿತ್ಸೆ ರಕ್ತ ತೆಗೆಯುವುದು, ಪಾದರಸದ ಔಷಧ ಕೊಟ್ಟು ಇನ್ನಷ್ಟು ಭೇದಿ ಮಾಡಿಸುವುದು. ಉಳಿದವರು ಚಿಕಿತ್ಸೆಯನ್ನೂ ಗೆದ್ದು ಉಳಿದವರೇ ಇರಬೇಕು. ವಿಲಿಯಂ ಓಶಾನೆಸಿ ಎಂಬ ಐರಿಷ್ ತರುಣ ವೈದ್ಯ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಉಪ್ಪಿನಂಶವೂ ತೀರಾ ಕಡಿಮೆಯಾಗಿರುವುದನ್ನು ಕಂಡ. ಹೋದದ್ದು ಅದೇ, ತುಂಬಬೇಕಾದದ್ದೂ ಅದೇ ಎಂದು ಬರೆದ. ಅದನ್ನು ಓದಿದ ಥಾಮಸ್ ಲಟ್ಟಾ, ಸ್ಕಾಟ್ಲೆಂಡಿನ ಲೀತ್ ಬಂದರಿನ ಡಾಕ್ಟರು, 1832ರ ಮೇ ತಿಂಗಳಲ್ಲಿ ಸಾಯುತ್ತಿದ್ದ ಒಬ್ಬ ವೃದ್ಧೆಯ ರಕ್ತನಾಳಕ್ಕೆ ಉಪ್ಪುನೀರು ಏರಿಸಿದ. ಅರ್ಧ ಗಂಟೆಯಲ್ಲಿ ಆರು ಪಿಂಟ್, ಅಂದರೆ ಮೂರು ಲೀಟರಿಗೂ ಮೇಲೆ. ಮುದುಕಿಯ ಕಣ್ಣಿಗೆ ಕಳೆ ಬಂತು, ನಾಡಿ ಬಂತು, ಮಾತು ಬಂತು, ತಮಾಷೆಯನ್ನೂ ಮಾಡಿದಳಂತೆ. ದಣಿದಿದ್ದ ಲಟ್ಟಾ, ಇನ್ನು ಅವಳಿಗೆ ಅಪಾಯವಿಲ್ಲ ಅಂದುಕೊಂಡು ಆಸ್ಪತ್ರೆಯ ಸರ್ಜನ್‌ಗೆ ಒಪ್ಪಿಸಿ ಹೋದ. ಅವನು ಹೋದ ಸ್ವಲ್ಪ ಹೊತ್ತಿಗೆ ವಾಂತಿಭೇದಿ ಮತ್ತೆ ಶುರುವಾಯಿತು. ಯಾರೂ ಮತ್ತೆ ನೀರು ಏರಿಸಲಿಲ್ಲ. ಐದೂವರೆ ಗಂಟೆಯಲ್ಲಿ ಹೆಂಗಸು ತೀರಿಕೊಂಡಳು.

ಡಾಕ್ಟರುಗಳ ಚರಿತ್ರೆ ಇದನ್ನು ಮೊಟ್ಟಮೊದಲ ಸಲೈನ್ ಎಂದು ಕೊಂಡಾಡುತ್ತದೆ. ನನಗೆ ಇಲ್ಲಿ ಕಾಣುವುದು ಕೆಟ್ಟುಹೋದ ಡ್ಯೂಟಿ ಬದಲಾವಣೆ. ಎಷ್ಟು ಹೋಯಿತು, ಎಷ್ಟು ಕೊಟ್ಟೆವು, ಇನ್ನೆಷ್ಟು ಕೊಡಬೇಕು ಎಂದು ಬರೆದು ಮುಂದಿನವರ ಕೈಗೆ ಕೊಡುವ ಪದ್ಧತಿಯೇ ಇಲ್ಲದ ಕಾಲ. ಚಾರ್ಟ್ ಬರೆಯುವ ನರ್ಸ್ ಇನ್ನೂ ಹುಟ್ಟಿರಲಿಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಆ ವರ್ಷ ಹನ್ನೆರಡರ ಹುಡುಗಿ. ಲಟ್ಟಾ ಮರುವರ್ಷವೇ ತೀರಿಕೊಂಡ. ಓಶಾನೆಸಿ ಹಡಗು ಹತ್ತಿ ಕಲ್ಕತ್ತೆಗೆ ಬಂದು ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದ, ಗಾಂಜಾದ ಔಷಧ ಗುಣದ ಮೇಲೆ ಪ್ರಯೋಗ ಮಾಡಿದ, ಕೊನೆಗೆ ಹಿಂದೂಸ್ತಾನದ ಉದ್ದಗಲಕ್ಕೂ ತಂತಿ ಎಳೆಸಿ ‘ಸರ್’ ಆದ. ಕಾಲರಾದ ತವರಿಗೇ ಬಂದವನು ಕಾಲರಾ ಬಿಟ್ಟು ಟೆಲಿಗ್ರಾಫ್ ಹಿಡಿದ! ಸಲೈನ್ ಮತ್ತೆ ಗಂಭೀರವಾಗಿ ತಲೆ ಎತ್ತಿದ್ದು ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಅದೂ ಕಲ್ಕತ್ತೆಯಲ್ಲೇ, ಲಿಯೊನಾರ್ಡ್ ರೋಜರ್ಸ್ ಕೈಯಲ್ಲಿ.

ಅಷ್ಟರಲ್ಲಿ ರೋಬರ್ಟ್ ಕಾಕ್ 1884ರಲ್ಲಿ ಕಲ್ಕತ್ತೆಯಲ್ಲಿ ಕಾಲರಾದ ಕ್ರಿಮಿಯನ್ನು ಗುರುತಿಸಿ ಆಗಿತ್ತು. ಆದರೆ ಆ ಕ್ರಿಮಿ ಮಾಡುವುದಾದರೂ ಏನು? ಕರುಳಿನ ಒಳಪದರವೇ ಕಿತ್ತುಬರುತ್ತದೆ, ಅಕ್ಕಿ ತೊಳೆದ ನೀರಿನಂಥ ಭೇದಿಯಲ್ಲಿ ತೇಲುವ ಬಿಳಿ ಚೂರುಗಳು ಅವೇ ಎಂದು ದೊಡ್ಡ ದೊಡ್ಡವರು ನಂಬಿದ್ದರು. ಹಾಗಿದ್ದರೆ ಬಾಯಿಂದ ನೀರು ಕುಡಿಸಿ ಏನು ಪ್ರಯೋಜನ, ಹೀರಿಕೊಳ್ಳಲು ಕರುಳೇ ಇಲ್ಲವಲ್ಲ! ಭೇದಿಯಾದ ಮಗುವಿಗೆ ಏನೂ ಕೊಡಬೇಡಿ, ಹೊಟ್ಟೆಗೆ ವಿಶ್ರಾಂತಿ ಬೇಕು ಎಂಬ ಉಪದೇಶಕ್ಕೆ ಆ ನಂಬಿಕೆ ಬಲ ಕೊಟ್ಟಿತು. ನಮ್ಮೂರ ಅಜ್ಜಿಯರು ‘ನೀರು ಕುಡಿಸಿದ್ರ ಇನ್ನಷ್ಟು ಹೋಕ್ಕಾನ’ ಎನ್ನುವಾಗ ಅವರನ್ನು ಅಡ್ಡಬುದ್ಧಿಯವರು ಎಂದು ಬೈಯುವ ಡಾಕ್ಟರುಗಳಿಗೆ, ಅವರ ಶಾಸ್ತ್ರವೂ ಬಹಳ ಕಾಲ ಇದನ್ನೇ ಹೇಳಿತ್ತು ಎಂದು ನೆನಪಿಸಬೇಕು.

ಈ ಗಂಟನ್ನು ಬಿಡಿಸಿದವರಲ್ಲಿ ನನಗೆ ಅತಿ ಪ್ರಿಯರು ಶಂಭುನಾಥ ಡೇ. ಕಲ್ಕತ್ತೆಯ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಪೆಥಾಲಜಿ ಕಲಿಸುತ್ತಿದ್ದವರು. ಕೈಯಲ್ಲಿ ದೊಡ್ಡ ಅನುದಾನವಿಲ್ಲ, ದೊಡ್ಡ ಯಂತ್ರವಿಲ್ಲ. ಮೊಲದ ಹೊಟ್ಟೆ ತೆರೆದು ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ಆ ಮುಚ್ಚಿದ ಚೀಲದೊಳಗೆ ಕಾಲರಾ ಕ್ರಿಮಿ ಬಿಟ್ಟು, ಹೊಟ್ಟೆ ಹೊಲಿದು ಮರುದಿನ ನೋಡಿದರು. ಚೀಲ ನೀರು ತುಂಬಿ ಉಬ್ಬಿತ್ತು. ಅದು 1953ರ ಮಾತು. ಆಮೇಲೆ ಕ್ರಿಮಿಗಳನ್ನೆಲ್ಲ ಸೋಸಿ ತೆಗೆದು, ಅವು ಬೆಳೆದ ದ್ರಾವಣವನ್ನು ಮಾತ್ರ ಬಿಟ್ಟು ನೋಡಿದರು. ಆಗಲೂ ಉಬ್ಬಿತು. ಅಂದರೆ ಕೆಲಸ ಮಾಡುವುದು ಕ್ರಿಮಿ ಉಗುಳುವ ವಿಷ, ಅದೂ ಕರುಳಿನ ಮಟ್ಟಿಗೆ. 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ನೊಬೆಲ್ ಪುರಸ್ಕೃತ ಜೋಶುವಾ ಲೆಡರ್‌ಬರ್ಗ್ ಇವರ ಹೆಸರನ್ನು ನೊಬೆಲ್‌ಗೆ ಸೂಚಿಸಿದ್ದರು, ಬರಲಿಲ್ಲ. 1985ರಲ್ಲಿ ಡೇ ತೀರಿಕೊಂಡಾಗ ಅವರ ಹೆಸರು ನಮ್ಮ ನರ್ಸಿಂಗ್ ಪುಸ್ತಕಗಳಲ್ಲಿರಲಿಲ್ಲ. ಕಾಕ್ ಇದ್ದ.

ಡೇ ಅವರ ಲೇಖನ ಬಂದ ಮರುವರ್ಷವೇ ಇನ್ನೆರಡು ತುಣುಕು ಕೂಡಿಬಂದವು. ಬ್ಯಾಂಕಾಕಿನಲ್ಲಿ ಕಾಲರಾ ರೋಗಿಗಳ ಕರುಳಿನಿಂದ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಒಳಪದರ ಕಿತ್ತುಹೋಗದೆ ಹಾಗೇ ಇರುವುದು ಕಂಡಿತು. ಅತ್ತ ಪ್ರಾಗ್ ನಗರದ ಒಂದು ಸಭೆಯಲ್ಲಿ ರೋಬರ್ಟ್ ಕ್ರೇನ್ ಎಂಬ ಜೀವರಸಾಯನ ವಿಜ್ಞಾನಿ, ಕರುಳಿನ ಜೀವಕೋಶ ಗ್ಲೂಕೋಸನ್ನು ಹೇಗೆ ಒಳಗೆ ಎಳೆದುಕೊಳ್ಳುತ್ತದೆ ಎಂಬುದಕ್ಕೆ ಒಂದು ಚಿತ್ರ ಬರೆದು ತೋರಿಸಿದ. ಗ್ಲೂಕೋಸ್ ಒಂಟಿಯಾಗಿ ಹೋಗುವುದಿಲ್ಲ, ಸೋಡಿಯಂ ಜೊತೆಗೂಡಿ ಹೋಗುತ್ತದೆ. ದಂಪತಿಯಾಗಿ ಬಂದವರನ್ನಷ್ಟೇ ಒಳಗೆ ಬಿಡುವ ಪೂಜೆಯ ಮನೆಯ ಬಾಗಿಲಿದ್ದಂತೆ ಅದು. ಈ ಜೋಡಿ ಒಳಹೊಕ್ಕರೆ ನೀರು ತಾನಾಗಿ ಹಿಂಬಾಲಿಸುತ್ತದೆ.

ಕಾಲರಾದ ವಿಷ ಮಾಡುವುದು ಬೇರೆ ಬಾಗಿಲಿನ ಕೆಲಸ. ಅದು ಜೀವಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಅಣುವನ್ನು ವಿಪರೀತ ಹೆಚ್ಚಿಸುತ್ತದೆ. ಅದರಿಂದ ಕ್ಲೋರೈಡ್ ಹೊರಬೀಳುವ ದಾರಿ ತೆರೆದೇ ಉಳಿಯುತ್ತದೆ, ಹಿಂದೆಯೇ ಸೋಡಿಯಂ, ನೀರು. ಕಾಯಿಲೆ ಉಲ್ಬಣಿಸಿದಾಗ ದೊಡ್ಡವರಲ್ಲಿ ಗಂಟೆಗೆ ಒಂದು ಲೀಟರ್ ತನಕ ಹೋಗುವುದುಂಟು. ಆದರೆ ಗ್ಲೂಕೋಸ್–ಸೋಡಿಯಂ ಜೋಡಿಯ ದಾರಿಗೆ ವಿಷ ಕೈ ಹಾಕುವುದಿಲ್ಲ. ಭೇದಿ ಧಾರಾಕಾರ ಹರಿಯುತ್ತಿರುವಾಗಲೂ ಅದೇ ಕರುಳು ಸರಿಯಾದ ಪ್ರಮಾಣದ ಉಪ್ಪು–ಗ್ಲೂಕೋಸ್ ನೀರನ್ನು ಹೀರಿಕೊಳ್ಳುತ್ತಲೇ ಇರುತ್ತದೆ. ಪ್ರಮಾಣ ತಪ್ಪಿದರೆ ಕಥೆ ಉಲ್ಟಾ. ಸಕ್ಕರೆ ಹೆಚ್ಚಾದರೆ ಅದು ದೇಹದ ನೀರನ್ನೇ ಕರುಳಿಗೆ ಸೆಳೆಯುತ್ತದೆ. ಬರೀ ಗ್ಲೂಕೋಸ್ ಪುಡಿ ಕಲಸಿ ಕುಡಿಸಿದರೂ, ಬಾಟಲಿ ಕೋಲಾ ಕುಡಿಸಿದರೂ ಭೇದಿ ಹೆಚ್ಚುವುದು ಇದಕ್ಕೇ.

ಇದ್ಯಾವುದೂ ಗೊತ್ತಿಲ್ಲದೆಯೇ ಕಲ್ಕತ್ತೆಯ ಡಾಕ್ಟರ್ ಹೇಮೇಂದ್ರನಾಥ ಚಟರ್ಜಿ 1953ರಲ್ಲೇ ಉಪ್ಪು–ಗ್ಲೂಕೋಸ್ ನೀರು ಕುಡಿಸಿ ಕಾಲರಾ ರೋಗಿಗಳನ್ನು ಉಳಿಸಿ ‘ಲ್ಯಾನ್ಸೆಟ್’ನಲ್ಲಿ ಬರೆದಿದ್ದರು. ಜೊತೆಗೆ ಅವರು ಬಳಸಿದ ಎಲೆಯ ರಸ ಯಾವುದು ಗೊತ್ತೇ? ನಮ್ಮ ಹಿತ್ತಿಲ ದೊಡ್ಡಪತ್ರೆ. ಹೋಲಿಸಿ ನೋಡಲು ಬೇರೆ ಗುಂಪಿಲ್ಲ, ಅಳತೆಗಳಿಲ್ಲ ಎಂದು ಪಶ್ಚಿಮದವರು ಅದನ್ನು ಬದಿಗಿಟ್ಟರು. ಆಕ್ಷೇಪ ಸುಳ್ಳಲ್ಲ. ಆದರೆ ಆ ಅಳತೆಗಳನ್ನು ತಾವೇ ಮಾಡಿ ನೋಡಲು ಹದಿನೈದು ವರ್ಷ ತೆಗೆದುಕೊಂಡದ್ದಕ್ಕೆ ನನ್ನಲ್ಲಿ ಕ್ಷಮೆಯಿಲ್ಲ.

ಆ ಹದಿನೈದು ವರ್ಷದಲ್ಲಿ ಎಡವಿದವರೂ ಇದ್ದಾರೆ. ಅಮೆರಿಕದ ನೌಕಾಪಡೆಯ ರೋಬರ್ಟ್ ಫಿಲಿಪ್ಸ್ 1962ರಲ್ಲಿ ಮನಿಲಾದಲ್ಲಿ ಕುಡಿಸುವ ದ್ರಾವಣ ಪ್ರಯೋಗಿಸಿದಾಗ ಉಪ್ಪಿನ ಪ್ರಮಾಣ ಜಾಸ್ತಿಯಾಗಿ ಕೆಲವು ರೋಗಿಗಳು ಸತ್ತರು. ಮುಂದೆ ಢಾಕಾದ ಕಾಲರಾ ಸಂಶೋಧನಾಲಯದ ಮುಖ್ಯಸ್ಥರಾದಾಗ, ಆ ನೆನಪಿಗೆ, ಕುಡಿಸುವ ಮಾತೆತ್ತಿದರೆ ಅವರು ಹಿಂಜರಿಯುತ್ತಿದ್ದರು. 1967ರಲ್ಲಿ ಚಿತ್ತಗಾಂಗ್ ಕಡೆ ನಡೆದ ಇನ್ನೊಂದು ಪ್ರಯತ್ನವೂ ಕೆಟ್ಟಿತು. ಡೇವಿಡ್ ನಾಲಿನ್ ಎಂಬ ಯುವ ಡಾಕ್ಟರು ಆ ಲೆಕ್ಕಪತ್ರ ತೆಗೆದು ನೋಡಿದಾಗ ದ್ರಾವಣದಲ್ಲಿ ತಪ್ಪು ಸಿಗಲಿಲ್ಲ. ರೋಗಿಯಿಂದ ಹೋದಷ್ಟು ಕುಡಿಸಿಯೇ ಇರಲಿಲ್ಲ!

ಇಲ್ಲಿಂದ ಮುಂದಿನ ನಾಯಕ ಒಂದು ಬಕೆಟ್. ಕಾಲರಾ ಮಂಚ ನೋಡದವರಿಗೆ ಹೇಳುತ್ತೇನೆ: ಕ್ಯಾನ್ವಾಸ್ ಬಿಗಿದ ಸಾದಾ ಮಂಚ, ರೋಗಿಯ ಸೊಂಟದ ಕೆಳಗೆ ದುಂಡನೆಯ ತೂತು. ಮೇಲೆ ಹಾಸಿದ ರಬ್ಬರ್ ಹಾಳೆಯಿಂದ ಒಂದು ತೋಳು ಆ ತೂತಿನ ಮೂಲಕ ಇಳಿದು ಕೆಳಗಿನ ಬಕೆಟ್ಟಿಗೆ ಬೀಳುತ್ತದೆ. ಏಳಲಾರದ ರೋಗಿಯನ್ನು ಗಳಿಗೆಗೊಮ್ಮೆ ಎಬ್ಬಿಸುವ ಹಿಂಸೆ ಇಲ್ಲ, ಬೆಡ್‌ಪ್ಯಾನ್ ಚೆಲ್ಲುವ ರಗಳೆಯಿಲ್ಲ, ಎಷ್ಟು ಹೋಯಿತು ಎಂಬುದು ಕಣ್ಣಮುಂದೆ. ಬಕೆಟ್ಟಿನೊಳಗೆ ಅಳತೆಯ ಕೋಲು ಅದ್ದುವುದು, ಬರೆದುಕೊಳ್ಳುವುದು, ಅಷ್ಟೇ ದ್ರಾವಣವನ್ನು ಮುಂದಿನ ಕೆಲವು ಗಂಟೆಗಳಲ್ಲಿ ಕುಡಿಸುವುದು. 1968ರಲ್ಲಿ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಢಾಕಾದಲ್ಲಿ 29 ವಯಸ್ಕ ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಜೀವಾಳ ಇದು. ಮೊದಲ ಆಘಾತವನ್ನು ಸಲೈನಿನಿಂದ ತಡೆದು, ಆಮೇಲೆ ಹೋದಷ್ಟನ್ನು ಬಾಯಿಂದಲೇ ತುಂಬಿದಾಗ ಸಲೈನಿನ ಅಗತ್ಯ ಶೇಕಡಾ 80ರಷ್ಟು ಇಳಿಯಿತು. ನಮ್ಮ ಭಾಷೆಯಲ್ಲಿ ಇದು ಇನ್‌ಟೇಕ್–ಔಟ್‌ಪುಟ್ ಚಾರ್ಟ್, ನರ್ಸಿಂಗ್ ಮೊದಲ ವರ್ಷದ ಪಾಠ. ಇಬ್ಬರು ಡಾಕ್ಟರುಗಳ ಹೆಸರು ಚರಿತ್ರೆಗೆ ಸೇರಿತು, ನ್ಯಾಯವೇ. ಹೊಲಸಿನ ಬಕೆಟ್ಟಿಗೆ ರಾತ್ರಿಯಿಡೀ ಕೋಲು ಅದ್ದುವ ಕೆಲಸ ಎಂಥದ್ದು ಎಂದು ನನ್ನಂಥವರಿಗೆ ಹೇಳಿಕೊಡಬೇಕಿಲ್ಲ.

ಮೂರು ವರ್ಷಕ್ಕೆ ಬಾಂಗ್ಲಾದ ಯುದ್ಧ ಬಂತು. 1971ರಲ್ಲಿ ಹೆಚ್ಚುಕಡಿಮೆ ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. ಪಶ್ಚಿಮ ಬಂಗಾಳದ ಬನ್‌ಗಾಂವ್ ಎಂಬ ಗಡಿಯೂರಿನ ಸುತ್ತಲೇ ಮೂರೂವರೆ ಲಕ್ಷದಷ್ಟು ನಿರಾಶ್ರಿತರು. ಮಳೆಗಾಲ, ಕಾಲರಾ. ಆಸ್ಪತ್ರೆಯಲ್ಲಿ ಕಾಲರಾಕ್ಕೆ ಇದ್ದದ್ದು ಎರಡು ಕೋಣೆ, 16 ಮಂಚ. ಜೂನ್ ಕೊನೆಯಲ್ಲಿ ಕಲ್ಕತ್ತೆಯಿಂದ ಅಲ್ಲಿಗೆ ಹೋದ ಮಕ್ಕಳ ಡಾಕ್ಟರು ದಿಲೀಪ್ ಮಹಾಲನಬಿಸ್ ನೆಲದ ಮೇಲೆ ಮಲಗಿಸಿದ್ದ ರೋಗಿಗಳಿಗೆ ಸಲೈನ್ ಹಚ್ಚಲು ಮಲಮೂತ್ರದಲ್ಲೇ ಮೊಣಕಾಲೂರಿ ಕೂರಬೇಕಾಯಿತು. ಸಲೈನ್ ಮುಗಿಯುತ್ತ ಬಂತು. ಹಚ್ಚಲು ಕಲಿತ ಕೈಗಳೂ ಸಾಲವು.

ಮಹಾಲನಬಿಸ್ ಆಗ ಕುಡಿಸುವ ನಿರ್ಧಾರ ತೆಗೆದುಕೊಂಡರು. ಢಾಕಾದ ಪರೀಕ್ಷೆ ನಡೆದದ್ದು ತರಬೇತಾದ ಸಿಬ್ಬಂದಿಯ ಕಣ್ಗಾವಲಿನಲ್ಲಿ. ಇಲ್ಲಿ ಆ ಯಾವ ಅನುಕೂಲವೂ ಇಲ್ಲ, ಹೀಗೆ ಕುಡಿಸಬಹುದು ಎಂಬುದಕ್ಕೆ ಪುರಾವೆಯೂ ಇಲ್ಲ. ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಕಲ್ಕತ್ತೆಯಲ್ಲಿ ಅವರ ಸಂಸ್ಥೆಯ ಗ್ರಂಥಾಲಯದ ಕೋಣೆಯಲ್ಲೇ ತೂಗಿ, ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ ಬಿಸಿಯಿಂದ ಅಂಟಿಸಿ, ಬನ್‌ಗಾಂವಿಗೆ ಸಾಗಿಸಿದರು. ಲೀಟರಿಗೆ ಬಿದ್ದ ಖರ್ಚು 11 ಪೈಸೆ. ದೊಡ್ಡ ಡ್ರಮ್ಮುಗಳಲ್ಲಿ ಕಲಸಿಟ್ಟು, ನಲ್ಲಿಯಿಂದ ಲೋಟಕ್ಕೆ ಹಿಡಿದು ಕುಡಿಸಿದವರು ತಾಯಂದಿರು, ಅಕ್ಕಂದಿರು, ಗಂಡಂದಿರು. ಇದನ್ನು ಮಹಾಲನಬಿಸ್ ‘ಓರಲ್ ಸಲೈನ್’ ಎಂದು ಕರೆದದ್ದು ಬುದ್ಧಿವಂತಿಕೆ; ಸಲೈನ್ ಎಂದರೆ ಜನ ನಂಬುತ್ತಾರೆ. ಸುಮಾರು ಎಂಟು ವಾರದಲ್ಲಿ 3,700 ರೋಗಿಗಳು. ಸಾವಿನ ಪ್ರಮಾಣ ಶೇಕಡಾ 30ರ ಆಸುಪಾಸಿನಿಂದ 3.6ಕ್ಕೆ ಇಳಿಯಿತು. ಇಷ್ಟಾದರೂ ಇದರ ವರದಿಯನ್ನು ಪತ್ರಿಕೆಗಳು ಮೊದಲು ವಾಪಸ್ ಕಳಿಸಿದವು, ಅಚ್ಚಾದದ್ದು 1973ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಧೀಮಾನ್ ಬರುವಾ ಬನ್‌ಗಾಂವಿಗೆ ಬಂದು ಕಣ್ಣಾರೆ ಕಂಡು ಹೋಗಿದ್ದರಿಂದ ಕೆಲಸ ಮುಂದೆ ಸಾಗಿತು. ಮಹಾಲನಬಿಸ್ 2022ರಲ್ಲಿ ತೀರಿಕೊಂಡರು, ಮರುವರ್ಷ ಪದ್ಮವಿಭೂಷಣ ಬಂತು.

ಎಂಬತ್ತರ ದಶಕದ ನಡುವಿನಲ್ಲಿ ಓಆರ್‌ಎಸ್, ಅಂದರೆ ಕುಡಿಸುವ ಉಪ್ಪು–ಗ್ಲೂಕೋಸ್ ಪುಡಿಯ ಪೊಟ್ಟಣ, ನಮ್ಮ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಬಂತು. ‘ಒಂದು ಲೀಟರ್ ನೀರಿಗೆ ಒಂದು ಪೊಟ್ಟಣ’ ಎಂದು ಬರೆದಿತ್ತು. ಹಳ್ಳಿಯ ಮನೆಯಲ್ಲಿ ಲೀಟರ್ ಎಲ್ಲಿಂದ ತರುವುದು? ಒಬ್ಬರ ಮನೆಯ ತಂಬಿಗೆ ಇನ್ನೊಬ್ಬರ ಮನೆಯ ಎರಡು ತಂಬಿಗೆ. ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದು ಕುಡಿಸಿದರೆ ಮನಿಲಾದ ಕಥೆಯೇ. ನಮ್ಮ ಜೊತೆಗಿದ್ದ ಹಿರಿಯ ಸಿಸ್ಟರ್ ಒಬ್ಬರು ಉಪಾಯ ಹುಡುಕಿದರು: ಖಾಲಿ ಬಿಯರ್ ಬಾಟಲಿ 650 ಮಿಲಿ, ಒಂದೂವರೆ ಬಾಟಲಿ ಅಂದರೆ ಲೀಟರಿಗೆ ಹತ್ತಿರ. ಊರು ಯಾವುದಾದರೂ ಇರಲಿ, ಆ ಬಾಟಲಿಗೆ ಬರವಿಲ್ಲ. ಹೆಂಗಸರು ಮುಸಿಮುಸಿ ನಗುತ್ತಲೇ ಪಾಠ ಕಲಿತರು. ಚೆನ್ನಾಗಿ ತೊಳೆದು ಬಳಸಿ ಎಂದು ಆ ಸಿಸ್ಟರ್ ಎರಡು ಸಲ ಹೇಳುತ್ತಿದ್ದರು.

ಇದೇ ಅಳತೆಯ ಕಷ್ಟವನ್ನು ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ ಪೊಟ್ಟಣವೇ ಇಲ್ಲದೆ ದಾಟಿತು. ಅರ್ಧ ಸೇರು ನೀರು, ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ. 1980ರಿಂದ ಹತ್ತು ವರ್ಷ ಅವರ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ತಾಯಿಯ ಕೈಯಿಂದಲೇ ಕಲಸಿಸಿ, ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಕಲಿಸಿದರು. ಆಮೇಲೆ ಬೇರೆಯವರು ಹೋಗಿ ಕೆಲವು ತಾಯಂದಿರನ್ನು ಕೇಳಿ ನೋಡುತ್ತಿದ್ದರು. ತಾಯಿಗೆ ಎಷ್ಟು ನೆನಪಿದೆಯೋ ಅದರ ಮೇಲೆ ಕಾರ್ಯಕರ್ತೆಯ ಸಂಬಳ. ನಮ್ಮ ಆರೋಗ್ಯ ಶಿಕ್ಷಣದ ಸಭೆಗಳಿಗೆ ಈ ನಿಯಮ ಹಾಕಿದ್ದರೆ ಎಷ್ಟು ಭಾಷಣಕಾರರಿಗೆ ಭತ್ಯೆ ಸಿಗುತ್ತಿತ್ತೋ!

ದ್ರಾವಣವೂ ಸುಧಾರಿಸುತ್ತ ಬಂತು. 2002ರ ಸುಮಾರಿಗೆ ಉಪ್ಪು, ಗ್ಲೂಕೋಸ್ ಎರಡನ್ನೂ ಇಳಿಸಿದರು; ಗ್ಲೂಕೋಸ್ ಲೀಟರಿಗೆ 20 ಗ್ರಾಂನಿಂದ 13.5 ಗ್ರಾಂಗೆ ಬಂತು, ವಾಂತಿಯೂ ಭೇದಿಯೂ ಕಡಿಮೆಯಾದವು. ಗ್ಲೂಕೋಸ್ ಬದಲು ಅಕ್ಕಿ ಹಿಟ್ಟು ಬಳಸಿದರೆ ಕಾಲರಾದಲ್ಲಿ ಭೇದಿಯ ಪ್ರಮಾಣ ಇನ್ನೂ ಇಳಿಯುತ್ತದೆ ಎಂಬುದನ್ನು ಢಾಕಾದವರು ತೋರಿಸಿದ್ದಾರೆ. ಪಿಷ್ಟ ನಿಧಾನವಾಗಿ ಒಡೆದು ಗ್ಲೂಕೋಸ್ ಆಗುವುದರಿಂದ ನೀರನ್ನು ಹೊರಗೆ ಸೆಳೆಯುವುದಿಲ್ಲ. ಉಪ್ಪು ಹಾಕಿದ ಗಂಜಿ ತಿಳಿಯನ್ನು ಹೊಟ್ಟೆ ಕೆಟ್ಟವರಿಗೆ ಕೊಡುವ ಮನೆಗಳಿಗೆ ಇದನ್ನು ಹೇಳಿದರೆ ‘ಅದಕ್ಕೇನು ಈಗ?’ ಅನ್ನುತ್ತಾರೆ.

ಆದರೆ ಕುಡಿಸುವುದು ಪುಸ್ತಕದಲ್ಲಿ ಇರುವಷ್ಟು ಸಲೀಸಲ್ಲ. ಬಾಯಾರಿದ ಮಗು ಲೋಟ ಕಿತ್ತುಕೊಂಡು ಒಂದೇ ಸಲ ಕುಡಿದು, ಅಷ್ಟನ್ನೂ ಕಕ್ಕುತ್ತದೆ. ತಾಯಿ ‘ನೋಡ್ರಿ, ನಿಲ್ಲಂಗಿಲ್ಲ’ ಎಂದು ಲೋಟ ಕೆಳಗಿಡುತ್ತಾಳೆ. ಅಲ್ಲಿಗೆ ಬಾಟಲಿ ಗೆದ್ದಂತೆ. ಹತ್ತು ನಿಮಿಷ ಬಿಟ್ಟು, ಮತ್ತೆ ಚಮಚದಲ್ಲಿ, ಎರಡು ಮೂರು ನಿಮಿಷಕ್ಕೊಂದು ಚಮಚ. ಹೀಗೆ ನಾಲ್ಕು ಗಂಟೆ. ಸಲೈನಾದರೆ ಹಚ್ಚಿ ಹೋಗಿಬಿಡಬಹುದು, ಇದಕ್ಕೆ ಪಕ್ಕದಲ್ಲೇ ಕೂರಬೇಕು. ಒಬ್ಬ ನರ್ಸಿಗೆ ನಲವತ್ತು ರೋಗಿಗಳಿರುವ ವಾರ್ಡಿನಲ್ಲಿ ತಾಯಿಯೇ ನರ್ಸ್. ಅವಳಿಗೆ ಕಲಿಸುವಷ್ಟು ಹೊತ್ತು ಇಲ್ಲದ ಕಡೆ ಎಲ್ಲರೂ ಸೂಜಿ ಎತ್ತಿಕೊಳ್ಳುತ್ತಾರೆ. ಖಾಸಗಿಯವರಲ್ಲಿ ಬಾಟಲಿಗೆ ಬಿಲ್ಲೂ ಆಗುತ್ತದೆ, ಪುಡಿಗೆ ಏನು ಬಿಲ್ಲು ಮಾಡುವುದು? ಇದರ ಮೇಲೆ, ಓಆರ್‌ಎಸ್ ಎಂದು ಹೆಸರು ಹಚ್ಚಿಕೊಂಡ ಸಿಹಿ ಪಾನೀಯದ ಡಬ್ಬಿಗಳು ಔಷಧಿ ಅಂಗಡಿಯಲ್ಲಿ ಬಹಳ ವರ್ಷ ಮೆರೆದವು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವಿಲ್ಲದ ಪಾನೀಯಕ್ಕೆ ಆ ಹೆಸರು ಇಡಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿದ್ದು 2025ರ ಅಕ್ಟೋಬರ್‌ನಲ್ಲಿ.

2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ನಮ್ಮ ಕರ್ನಾಟಕದ್ದೂ ಬಿಹಾರದ್ದೂ. 253 ಊರುಗಳಲ್ಲಿ ಖಾಸಗಿಯಾಗಿ ಚಿಕಿತ್ಸೆ ಕೊಡುವ ಎರಡು ಸಾವಿರಕ್ಕೂ ಹೆಚ್ಚು ಮಂದಿಯ ಬಳಿಗೆ ಪಾತ್ರಧಾರಿಗಳನ್ನು ‘ಮಗುವಿಗೆ ಭೇದಿ’ ಎಂದು ಕಳಿಸಿ ನೋಡಿದರು. ಓಆರ್‌ಎಸ್ ಒಳ್ಳೆಯದೆಂದು ಅವರಿಗೆಲ್ಲ ಹೆಚ್ಚುಕಡಿಮೆ ಗೊತ್ತೇ ಇತ್ತು. ಆದರೂ ಅದನ್ನು ಕೊಡದಿರಲು ಅಂಗಡಿಯಲ್ಲಿ ಸರಕು ಇಲ್ಲದ್ದು, ಲಾಭದ ಆಸೆ, ಇವೆರಡೂ ಕಾರಣವಾದದ್ದು ಸ್ವಲ್ಪ ಮಟ್ಟಿಗೆ ಮಾತ್ರ. ದೊಡ್ಡ ಕಾರಣ, ‘ಜನರಿಗೆ ಇದು ಬೇಕಿಲ್ಲ’ ಎಂದು ಅವರು ತಾವೇ ಅಂದುಕೊಂಡದ್ದು. ಬಂದವರು ಓಆರ್‌ಎಸ್ ಬೇಕು ಎಂದು ಬಾಯಿಬಿಟ್ಟಾಗ ಅದು ಸಿಗುವುದು ಹೆಚ್ಚುಕಡಿಮೆ ಇಮ್ಮಡಿಯಾಯಿತು.

ಅದನ್ನು ಓದಿದ ಮೇಲೆ ನಮ್ಮ ಓಣಿಯ ಬಾಣಂತಿಯರಿಗೆ ನಾನು ಕರುಳು, ಜೀವಕೋಶ ಎಂದೆಲ್ಲ ಹೇಳಲು ಹೋಗುವುದಿಲ್ಲ. “ಮಗೀಗೆ ಹೊಟ್ಟಿ ಕೆಟ್ಟೈತಿ ಅಂತ ಅಷ್ಟ ಹೇಳಿ ಸುಮ್ನ ನಿಂದರಬ್ಯಾಡ. ಓಆರ್‌ಎಸ್ ಪುಡಿ ಕೊಡ್ರಿ, ಜೋಡಿ ಝಿಂಕ್ ಗುಳಗಿ ಕೊಡ್ರಿ ಅಂತ ಹೆಸರು ಹೇಳಿ ಕೇಳು” ಅನ್ನುತ್ತೇನೆ.

“ಡಾಕ್ಟ್ರು ಬೈದ್ರ, ಅಕ್ಕಾರ?”

“ಬೈದ್ರ ನನ್ನ ಹೆಸರು ಹೇಳು. ಮಗು ಕಣ್ಣು ಮೇಲ ಮಾಡಿದ್ರ, ಕುಡಿಯೋದ ಬಿಟ್ರ ಮಾತ್ರ ಅವ್ರ ಮಾತು ಕೇಳು, ಬಾಟ್ಲಿ ಹಚ್ಚಲಿ.”